ಎಡಕ್ಕೇ ವಾಲುತ್ತಿದ್ದ ಥರ್ಮಾಕೋಲ್ ಜೆಟ್

ಅದು ಎಡಕ್ಕೆ ವಾಲುತ್ತಿತ್ತು. ಇಷ್ಟು ಮಾತ್ರ ಖಚಿತ. ಉಳಿದದ್ದನ್ನು ಹೇಳುವಾಗ ನಾನು ಹುಷಾರಾಗಿರಬೇಕು. ಈ ಸಂಗತಿಯನ್ನು ಚಿತ್ರದುರ್ಗದ ನನ್ನ ಅಂಗಡಿಯ ಮುಂದೆ ಕೂತು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗಿದೆ. ಥರ್ಮಾಕೋಲನ್ನು ಮರಳು ಕಾಗದದಲ್ಲಿ ಉಜ್ಜಿದರೂ ಹೀಗೇ ಆಗುತ್ತದೆ. ಆಕಾರ ಚೆನ್ನಾಗಿ ಬರುತ್ತದೆ, ಬಿಳಿ ಕಾಳುಗಳು ಉದುರಿ ಹೋಗುತ್ತವೆ. ಈಗ ಬರೆಯಲು ಕೂತಾಗ ಆ ಉದುರಿದ ಕಾಳುಗಳನ್ನು ಗುಡಿಸಿ ತರಲು ನೋಡುತ್ತಿದ್ದೇನೆ. ಎಲ್ಲವೂ ಸಿಗುವುದಿಲ್ಲ.

ನನ್ನ ಕೆಲಸ ಮದುವೆ ವೇದಿಕೆಯ ಅಲಂಕಾರ. ವಧೂವರರ ಹೆಸರು, ಜೋಡಿ ಹಂಸ, ಕಮಾನು, ಹೂವಿನ ಕುಂಡ. ಬಿದಿರಿನ ಬಿಲ್ಲಿಗೆ ಹೀಟರ್ ಕಾಯಿಲಿನ ತಂತಿ ಬಿಗಿದು, ಹದವಾಗಿ ಕರೆಂಟು ಕೊಟ್ಟು ಕಾಯಿಸಿ, ಆ ಬಿಸಿ ತಂತಿಯಿಂದ ಥರ್ಮಾಕೋಲ್ ಕತ್ತರಿಸುವುದು ನನ್ನ ವಿದ್ಯೆ. ಒಮ್ಮೆ ಹಿರಿಯೂರಿನ ಕಲ್ಯಾಣ ಮಂಟಪವೊಂದರಲ್ಲಿ, ಗಂಡು ಸೈನ್ಯದಲ್ಲಿದ್ದಾನೆಂದು, ವೇದಿಕೆಯ ಮೇಲೆ ಯುದ್ಧ ವಿಮಾನವೊಂದನ್ನು ತೂಗುಹಾಕಿದ್ದೆ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಹಿರಿಯರೊಬ್ಬರು ಮಾತ್ರ ಕತ್ತೆತ್ತಿ ಬಹಳ ಹೊತ್ತು ನೋಡಿ, ಇದನ್ನು ಮಾಡಿದವರು ಯಾರೆಂದು ಕೇಳಿದರು. ನಾನೇ ಎಂದೆ.

"ಚೆನ್ನಾಗೈತೆ. ಆದ್ರೆ ಇದು ಉಸಿರಾಡೋದು ಎಲ್ಲಿಂದಪ್ಪ?" ಅಂದರು.

ಜೆಟ್ಟಿನ ಮುಂದೆ ಗಾಳಿ ಒಳಹೋಗುವ ಬಾಯಿ ಇರಬೇಕಾದ ಜಾಗದಲ್ಲಿ ನಾನು ಕಪ್ಪು ಬಣ್ಣ ಬಳಿದಿದ್ದೆ. ದೂರದಿಂದ ತೂತಿನಂತೆ ಕಾಣುತ್ತಿತ್ತು. ನನ್ನ ಕಸುಬಿನಲ್ಲಿ ಅಷ್ಟು ಸಾಕು.

ಅವರು ವಾಯುಪಡೆಯಲ್ಲಿ ಜೆಟ್ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಹಿರಿಯೂರಿನಲ್ಲಿ ಸಣ್ಣ ಮನೆ, ಹೆಂಡತಿ. ಊರವರು ಏರ್‌ಫೋರ್ಸಿನವರು ಎನ್ನುತ್ತಿದ್ದರು. ನಾನು ಅಣ್ಣಾರೆ ಎನ್ನುತ್ತಿದ್ದೆ. ನೌಕರಿ ಪೂರ್ತಿ ಜೆಟ್‌ಗಳ ಹೊಟ್ಟೆಯೊಳಗೆ ತಲೆ ಹಾಕಿ ಕಳೆದರೂ ಒಂದು ಸಲವೂ ಅದರಲ್ಲಿ ಕೂತು ಮೇಲೆ ಹೋದವರಲ್ಲ. ಅವರ ಬಲಗೈ ನಡುಗುತ್ತಿತ್ತು. ಬೆಳಗಿನ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಶಾಂತವಾಗುತ್ತಿತ್ತು, ಆಮೇಲೆ ಮತ್ತೆ ಶುರು. ದಾವಣಗೆರೆಯ ಡಾಕ್ಟರು ಮಾತ್ರೆಯ ಹಿಡಿತ ಬರಬರುತ್ತ ಕಡಿಮೆಯಾಗುತ್ತದೆ ಎಂದಿದ್ದರಂತೆ. "ಮೊದ್ಲು ಪೂರ್ತಿ ಸಿನಿಮಾ ಕುಂತ್ಕತಿತ್ತು ಕೈ. ಈಗ ಇಂಟ್ರವಲ್‌ಗೇ ಎದ್ದು ಹೋಗ್ತೈತೆ," ಅಂತ ಅವರೇ ನಗುತ್ತಿದ್ದರು. ಕೈ ತನ್ನ ಮಾತು ಕೇಳುತ್ತಿರುವಾಗಲೇ ಒಂದು ಜೆಟ್ಟನ್ನು, ಸಣ್ಣದಾದರೂ ಸರಿ, ತನ್ನ ಕೈಯಾರೆ ಹಾರಿಸಬೇಕು ಎಂಬುದು ಅವರಿಗಿದ್ದ ಒಂದೇ ಹಟ. ಅದಕ್ಕೆ ಅವರಿಗೆ ಥರ್ಮಾಕೋಲ್ ಕತ್ತರಿಸುವವನು ಬೇಕಿತ್ತು.

ನನಗೆ ಏನು ಬೇಕಿತ್ತು ಎಂಬುದನ್ನು ಒಂದೊಂದು ಸಲ ಒಂದೊಂದು ಥರ ಹೇಳಿದ್ದೇನೆ. ಗೋಡೆಗೆ ಒರಗಿಸುವ ವಸ್ತುಗಳನ್ನೇ ಮಾಡಿ ಸಾಕಾಗಿತ್ತು ಎಂದಿದ್ದೇನೆ. ಬಹುಶಃ ಆಷಾಢ ಬಂದು ಮದುವೆಗಳಿರಲಿಲ್ಲ, ಅಷ್ಟೇ.

ಆ ಮೊದಲ ವರ್ಷ ಪ್ರೊಪೆಲ್ಲರ್ ಇರುವ ನಿಧಾನದ ಫೋಮ್ ವಿಮಾನವೊಂದನ್ನು ಕಟ್ಟಿ ಇಬ್ಬರೂ ಹಾರಿಸಲು ಕಲಿತೆವು. ಅದು ಎಮ್ಮೆಯಂಥದ್ದು. ಕೈ ನಡುಗಿದರೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಅದರಿಂದ ನಮ್ಮಿಬ್ಬರಿಗೂ ಇಲ್ಲದ ಧೈರ್ಯ ಬಂತು.

ಮುಂದಿನ ವರ್ಷ ಜೆಟ್‌ಗೆ ಬೇಕಾದ ಫ್ಯಾನು ಬಂತು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಅಣ್ಣಾರ ಹಳೆಯ ಸಹೋದ್ಯೋಗಿಯೊಬ್ಬರು ಬೆಂಗಳೂರಿನಿಂದ ಕಳಿಸಿದ್ದರು. ಅಂಗೈಯಲ್ಲಿ ಹಿಡಿಯುವಂಥ ಪ್ಲಾಸ್ಟಿಕ್ ಬಳೆ, ಅದರೊಳಗೆ ಹಲವು ಎಸಳಿನ ಪುಟ್ಟ ಫ್ಯಾನು, ನಡುವೆ ಮೋಟಾರು. ಇದನ್ನು ವಿಮಾನದ ಹೊಟ್ಟೆಯೊಳಗಿನ ಕೊಳವೆಯಲ್ಲಿ ಕೂರಿಸಬೇಕು. ಮುಂದಿನ ಬಾಯಿಂದ ಗಾಳಿ ಎಳೆದು ಹಿಂದಿನಿಂದ ರಭಸವಾಗಿ ಉಗುಳುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ಬೆಂಕಿಯಿಲ್ಲ, ಸೀಮೆಎಣ್ಣೆಯಿಲ್ಲ, ಬ್ಯಾಟರಿಯೇ ಎಲ್ಲ. ಮೊದಲ ಸಲ ಅವರ ಅಡುಗೆಮನೆಯಲ್ಲಿ ಚಾಲೂ ಮಾಡಿದಾಗ ಮಿಕ್ಸಿಗೆ ಒಣಕೊಬ್ಬರಿ ಹಾಕಿದಂತೆ ಕಿರುಚಿತು. ಅಕ್ಕಾರು, ಅಂದರೆ ಅವರ ಮನೆಯವರು, ಒಳಗಿನಿಂದ ಬಂದು ಮಿಕ್ಸಿಯನ್ನೇ ನೋಡಿದರು.

ಕೆಲಸ ಅವರ ಜಗುಲಿಯಲ್ಲಿ ನಡೆಯಿತು. ಫ್ರಿಜ್ಜಿನ ಪ್ಯಾಕಿಂಗಿಗೆ ಹಾಕುವ ಗಟ್ಟಿ ಥರ್ಮಾಕೋಲನ್ನು ನಾನು ದುರ್ಗದ ಅಂಗಡಿಗಳಿಂದ ತಂದೆ. ಮೈಯನ್ನು ಎರಡು ಹೋಳಾಗಿ ಕತ್ತರಿಸಿ, ಒಳಗೆ ಕೊಳವೆಯ ದಾರಿ ಕೊರೆದು, ಬಿಳಿ ಗೋಂದಿನಿಂದ ಕೂಡಿಸಿದೆ. ರೆಕ್ಕೆಗಳಿಗೆ ಉದ್ದಕ್ಕೂ ಬಿದಿರಿನ ಸೀಳು. ಕೊಳವೆಯ ಒಳಮೈ ಗಾಜಿನಂತೆ ನುಣ್ಣಗಿರಬೇಕು, ಇಲ್ಲದಿದ್ದರೆ ಗಾಳಿ ಅಲ್ಲೇ ಸುತ್ತಿಕೊಂಡು ಬಲ ಸಾಯುತ್ತದೆ. ಅದಕ್ಕೆ ಏನು ಹಾಕುವುದು ಎಂದು ನಾನು ಯೋಚಿಸುತ್ತಿರುವಾಗ ಅಣ್ಣಾರು ಒಳಗೆ ಹೋಗಿ ದೊಡ್ಡದೊಂದು ಕವರು ತಂದರು. ಅವರ ತಲೆಯ ಸ್ಕ್ಯಾನಿಂಗ್ ಫಿಲಂ. ತೆಳ್ಳಗೆ, ಗಟ್ಟಿಯಾಗಿ, ಸುತ್ತಿದರೆ ಸುತ್ತಿಕೊಳ್ಳುವಂಥದ್ದು.

ಅಕ್ಕಾರು ಬಾಗಿಲಲ್ಲೇ ನಿಂತಿದ್ದರು. "ಏನ್ರೀ, ಮುಂದಿನ ಸಲ ಡಾಕ್ಟ್ರು ಕೇಳಿದ್ರೆ ಏನು ತೋರಿಸ್ತೀರಿ?"

"ವಿಮಾನ ತೋರಿಸ್ತೀನಿ."

"ತಲೆ ಎಲ್ಲಿ ಅಂತಾರೆ."

"ಅದರ ಹಿಂದ್ಗಡೆ ಐತೆ, ನೋಡ್ಕಳ್ರಿ ಅಂತೀನಿ."

ಅಕ್ಕಾರು ನಗಲಿಲ್ಲ. ಒಳಗೆ ಹೋದರು. ನಾವು ಫಿಲಂ ಸುತ್ತಿ ಕೊಳವೆ ಮಾಡಿ ಫ್ಯಾನಿನ ಹಿಂದೆ ಸೇರಿಸಿದೆವು. ಬೆಳಕಿಗೆ ಹಿಡಿದರೆ ಒಳಗೆ ಅವರ ಮಿದುಳಿನ ಚಿತ್ರಗಳು ಸಾಲಾಗಿ ಸುತ್ತಲೂ ಕಾಣುತ್ತಿದ್ದವು.

ಆಮೇಲೆ ನಾನು ಅಭ್ಯಾಸಬಲದಿಂದ ಇಡೀ ಮೈಗೆ ಕಂದು ಕಾಗದ ಅಂಟಿಸಿ, ಅದರ ಮೇಲೆ ಬೆಳ್ಳಿ ಬಣ್ಣ, ಅದರ ಮೇಲೆ ನೀಲಿ ಗೆರೆ ಎಳೆದೆ. ಕಣ್ಣಿಗೆ ಹಬ್ಬದಂತಿತ್ತು. ಅಣ್ಣಾರು ಅದನ್ನು ಎತ್ತಿ ನೋಡಿ ಕೆಳಗಿಟ್ಟರು. "ಲೇ, ಇದು ಮದುವೆ ಹೆಣ್ಣಾಗೈತೆ. ಒಡವೆ ಬಿಚ್ಚು." ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಫ್ಯಾನನ್ನು ಮೇಲ್ಮುಖವಾಗಿ ಕಟ್ಟಿ ಓಡಿಸಿ, ಅದು ಎಷ್ಟು ತಳ್ಳುತ್ತದೆಂದು ಮೊದಲೇ ನೋಡಿಟ್ಟಿದ್ದರು. ನನ್ನ ಶೃಂಗಾರದ ತೂಕವನ್ನು ಅದು ಹೊರುವಂತಿರಲಿಲ್ಲ. ಒದ್ದೆ ಬಟ್ಟೆ ಹಾಕಿ ಕಾಗದವನ್ನೆಲ್ಲ ಸುಲಿದೆ. ಕಡೆಗೆ ಉಳಿದದ್ದು ಬೋಳು ಬಿಳಿ ಮೈ, ರೆಕ್ಕೆಯ ಮುಂದಿನ ಅಂಚಿಗೆ ಮಾತ್ರ ಪ್ಯಾಕಿಂಗ್ ಟೇಪು. ಬಾಯಿಯ ಅಂಚು ಚೂಪಾಗಿದ್ದರೆ ಗಾಳಿ ಒಳಹೋಗಲು ತಡವರಿಸುತ್ತದೆಂದು ಅಲ್ಲಿ ದುಂಡನೆಯ ತುಟಿಯೊಂದನ್ನು ಅಂಟಿಸಿದೆ. ಕಿರುಚಾಟ ತಗ್ಗಿ ಶಿಳ್ಳೆಯಾಯಿತು. ರೆಕ್ಕೆಗಳ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ, ಮೂಗು ತುಸುವೇ ಕೆಳಗೆ ಬಾಗುವ ಹಾಗೆ ಬ್ಯಾಟರಿಯನ್ನು ಹಿಂದೆಮುಂದೆ ಸರಿಸಿದೆವು.

ಹಾರಿಸಲು ಆರಿಸಿದ್ದು ಐಮಂಗಲದ ಹತ್ತಿರದ ಒಂದು ಬತ್ತಿದ ಕೆರೆಯ ಅಂಗಳ. ಅವರು ಹಿರಿಯೂರಿನಿಂದ ಬಸ್ಸಿನಲ್ಲಿ, ಅಕ್ಕಾರ ಜೊತೆ. ನಾನು ದುರ್ಗದಿಂದ ಬೈಕಿನಲ್ಲಿ, ವಿಮಾನವನ್ನು ಬೆನ್ನಿಗೆ ಕಟ್ಟಿಕೊಂಡು. ಹೈವೇಯಲ್ಲಿ ಚಹಾಕ್ಕೆ ನಿಂತರೆ ಯಾರ ಮದುವೆ ಎಂದು ಕೇಳುತ್ತಿದ್ದರು. ವಿವರಿಸಿ ಸಾಕಾಗಿ ಒಮ್ಮೆ ನನ್ನದೇ ಎಂದೆ.

ಕಷ್ಟವೆಲ್ಲ ಹೊತ್ತಿನದ್ದು. ನಮ್ಮ ಕಡೆ ಬೆಳಗ್ಗೆ ಗಾಳಿ ಸುಮ್ಮನಿರುತ್ತದೆ. ಬಿಸಿಲು ಏರುತ್ತಿದ್ದಂತೆ ಗುಡ್ಡದ ಮೇಲಿನ ಫ್ಯಾನುಗಳು, ಅಂದರೆ ಗಾಳಿಯಂತ್ರಗಳು, ಒಂದೊಂದಾಗಿ ತಿರುಗತೊಡಗುತ್ತವೆ. ನಾನು ಮನೆಯ ಮಾಳಿಗೆಯಿಂದ ಜೋಗಿಮಟ್ಟಿ ಗುಡ್ಡದ ಕಡೆ ನೋಡಿ ಹೊರಡುತ್ತಿದ್ದೆ. ಅಣ್ಣಾರ ಮಾತ್ರೆಗೆ ಬೇರೆಯೇ ಗಡಿಯಾರ. ಬೇಗ ನುಂಗಿದರೆ ಬಸ್ಸಿನಲ್ಲೇ ಅದರ ಬಲ ಮುಗಿಯುತ್ತದೆ, ತಡವಾಗಿ ನುಂಗಿದರೆ ಕೈ ಶಾಂತವಾಗುವ ಹೊತ್ತಿಗೆ ಗಾಳಿ ಎದ್ದಿರುತ್ತದೆ. ಗಾಳಿ ಸುಮ್ಮನಿರಬೇಕು, ಕೈ ಸುಮ್ಮನಿರಬೇಕು, ಬ್ಯಾಟರಿ ತುಂಬಿರಬೇಕು. ಎಷ್ಟೋ ಭಾನುವಾರ ಮೂರರಲ್ಲಿ ಎರಡು ಕೂಡಿಬರುತ್ತಿದ್ದವು. ಆಗ ನಾವು ಕೆರೆಯ ಏರಿಯ ಮೇಲೆ ಕೂತು ಅಕ್ಕಾರು ತಂದ ಚಿತ್ರಾನ್ನ ತಿಂದು ಹಿಂದಿರುಗುತ್ತಿದ್ದೆವು. ಕಾಯುವುದು ಬಿಟ್ಟರೆ ಮಾಡಲು ಏನೂ ಇರುತ್ತಿರಲಿಲ್ಲ. ಕಾದರೂ ಏನೂ ಬದಲಾಗುತ್ತಿರಲಿಲ್ಲ.

ಈ ಜೆಟ್‌ಗೆ ಚಕ್ರವಿಲ್ಲ. ಚಿಮ್ಮಿಸಬೇಕು. ಹೈವೇಯ ಪಂಕ್ಚರ್ ಅಂಗಡಿಯಲ್ಲಿ ಲಾರಿ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮಾರುತ್ತಾರೆ, ಟಾರ್ಪಾಲು ಬಿಗಿಯಲು. ಅಂಥ ಪಟ್ಟಿಗಳನ್ನು ಗಂಟುಹಾಕಿ, ಒಂದು ತುದಿಯನ್ನು ನೆಲದ ಗೂಟಕ್ಕೆ, ಇನ್ನೊಂದನ್ನು ವಿಮಾನದ ಹೊಟ್ಟೆಯ ಕೊಕ್ಕೆಗೆ. ನಾನು ಹಿಂದಕ್ಕೆ ಎಳೆದು ಹಿಡಿಯುತ್ತೇನೆ. ಅಣ್ಣಾರು ರಿಮೋಟ್ ಹಿಡಿದು ಫ್ಯಾನಿಗೆ ಪೂರ್ತಿ ವೇಗ ಕೊಟ್ಟು "ಬಿಡು" ಅನ್ನುತ್ತಾರೆ. ಬ್ಯಾಟರಿಯ ಪ್ಲಗ್ಗಿಗೆ ಅಕ್ಕಾರ ರವಿಕೆ ಬಟ್ಟೆಯ ಕೆಂಪು ಚೂರೊಂದನ್ನು ಕಟ್ಟಿದ್ದರು. ಅದನ್ನು ಬಿಚ್ಚಿ ಅಕ್ಕಾರ ಕೈಗೆ ಕೊಡುವ ತನಕ ಫ್ಯಾನು ಚಾಲೂ ಮಾಡುವಂತಿಲ್ಲ. ವಾಯುಪಡೆಯ ಪದ್ಧತಿ. ಅಕ್ಕಾರು ಪ್ರತಿ ಸಲವೂ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಮೊದಲ ಸಲ ಮೂರೂ ಕೂಡಿಬಂದ ದಿನ "ಬಿಡು" ಅಂದರು. ಬಿಟ್ಟೆ. ಅದು ಶಿಳ್ಳೆ ಹಾಕುತ್ತ ಏರಿತು, ಏರಿದ ಮರುಕ್ಷಣವೇ ಎಡ ರೆಕ್ಕೆಯನ್ನು ಕೆಳಗೆ ಹಾಕಿ ಮಗುಚಿ ಕೆರೆಯ ಮಣ್ಣಿಗೆ ಮೂಗು ಊರಿತು. ಥರ್ಮಾಕೋಲಿನ ಗುಣ, ಮುರಿದರೂ ಮತ್ತೆ ಅಂಟುತ್ತದೆ. ಮೂಗು ಸರಿಮಾಡಿದೆವು. ಮತ್ತೊಂದು ವಾರ ಮತ್ತೆ ಎಡಕ್ಕೆ. ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಆಡುವ ರೆಪ್ಪೆಗಳನ್ನು, ವಿಮಾನ ಬಲಕ್ಕೆ ತಿರುಗುವಂತೆ ಹೊಂದಿಸಿದೆವು. ಆಗಲೂ ಎಡಕ್ಕೇ. ವೇಗ ಹೆಚ್ಚಿದಂತೆ ಜೋರಾಗಿ ಎಡಕ್ಕೆ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಬಿದ್ದಾಗ ಅಣ್ಣಾರು ವಿಮಾನದ ಹತ್ತಿರ ಹೋಗಲೇ ಇಲ್ಲ. ನಿಂತಲ್ಲೇ ತಮ್ಮ ಬಲಗೈ ನೋಡಿಕೊಳ್ಳುತ್ತಿದ್ದರು. ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಬೇಕಾದ ಹೆಬ್ಬೆರಳು ಆ ಕೈಯದೇ.

ಕೈಯ ತಪ್ಪಲ್ಲ, ಫ್ಯಾನು ತಿರುಗುವ ಎದುರು ದಿಕ್ಕಿಗೆ ಮೈ ತಿರುಚುತ್ತಿರಬಹುದು ಎಂದು ನಾನು ಹೇಳಿದೆ.

"ಅಷ್ಟು ಸಣ್ಣ ಫ್ಯಾನು ಇಷ್ಟು ಎಳೆಯಲ್ಲಪ್ಪ. ನಂಗೊತ್ತೈತೆ," ಅಂದರು. "ನೀನೇ ಹಾರ್ಸು."

ನಾನು ರಿಮೋಟ್ ಹಿಡಿದೆ. ಅವರಿಗೆ ಎಳೆದು ಹಿಡಿಯಲು ಆಗುತ್ತಿರಲಿಲ್ಲ, ಅಕ್ಕಾರು ಹಿಡಿದರು. ನನ್ನ ಕೈಯಲ್ಲೂ ಅದು ಎಡಕ್ಕೇ ಹೋಗಿ ಬಿತ್ತು. ಇದರಿಂದ ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಆದರೆ ನಾನು ಬೇಕೆಂದೇ ಬೀಳಿಸಿದೆ ಎಂದು ಅವರಿಗೆ ಅನ್ನಿಸಿತ್ತು. ಬಸ್ಸು ಹತ್ತುವಾಗ ಹೇಳಿದರು: "ನನ್ನ ಸಮಾಧಾನಕ್ಕೆ ಬೀಳಿಸ್ಬ್ಯಾಡ ಕಣಪ್ಪ." ಅದಕ್ಕೆ ಏನು ಹೇಳಿದರೂ ಸುಳ್ಳಿನಂತೆಯೇ ಕೇಳುತ್ತಿತ್ತು. ಅವರು ವಿಮಾನ, ರಿಮೋಟ್ ಎಲ್ಲವನ್ನೂ ನನ್ನ ಬಳಿಯೇ ಬಿಟ್ಟು ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ.

ಫೋನು ಮಾಡಿದರೆ ಅಕ್ಕಾರೇ ಎತ್ತುತ್ತಿದ್ದರು. ಬೆಳಗ್ಗೆ ಮಾತ್ರೆ ನುಂಗಿ ಜಗುಲಿಯಲ್ಲಿ ಕೂತು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿರುತ್ತಾರೆ, ಅದು ಶಾಂತವಾಗಿರುವ ಹೊತ್ತೆಲ್ಲ ಹೀಗೆ ವ್ಯರ್ಥ ಹೋಗುತ್ತದೆ ಎಂದರು. ಆ ಹೊತ್ತು ಮೊದಲಿಗಿಂತ ಕಡಿಮೆಯಾಗಿದೆ ಎಂದೂ ಹೇಳಿದರು.

ವಿಮಾನ ಎಡಕ್ಕೆ ವಾಲುವ ಕಾರಣ ಸಿಕ್ಕಿದ್ದು ಹೊಸದುರ್ಗದ ಒಂದು ಮಂಟಪದಲ್ಲಿ. ಹೊಳಲ್ಕೆರೆ ಎಂದೂ ಕೆಲವು ಸಲ ಹೇಳಿದ್ದೇನೆ. ಆ ತಿಂಗಳು ಎರಡೂ ಕಡೆ ಕೆಲಸವಿತ್ತು. ಹೆಣ್ಣಿನ ಹೆಸರಿನ ಅಕ್ಷರಗಳನ್ನು ಕತ್ತರಿಸಿ ನೆಲದ ಮೇಲೆ ಬೋರಲು ಹರಡಿದ್ದೆ, ಹಿಂಬದಿಗೆ ಗೋಂದು ಹಾಕಲು. ಹಾಗೆ ಬೋರಲು ನೋಡಿದಾಗ ಎಲ್ಲ ಅಕ್ಷರಗಳೂ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಒಂದೇ ಕಡೆ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಬಿಲ್ಲು ಎಳೆಯುವಾಗ ನನ್ನ ಬಲಗೈ ಎಡಗೈಗಿಂತ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ನಿಧಾನವಾದ ಎಡಗೈ ಕಡೆ ಬಿಸಿ ತಂತಿ ಹೆಚ್ಚು ಹೊತ್ತು ನಿಂತು ಹೆಚ್ಚು ಕರಗಿಸುತ್ತದೆ. ಅಕ್ಷರಗಳಿಗೆ ಅದರಿಂದ ತೊಂದರೆಯಿಲ್ಲ. ಜನ ನೋಡುವುದು ಮುಂಭಾಗ ಮಾತ್ರ. ಇನ್ನೊಂದು ಅಭ್ಯಾಸ, ನೋಡುವ ಮುಖ ಯಾವಾಗಲೂ ನನ್ನ ಕಡೆಗಿರಬೇಕು. ಅದಕ್ಕಾಗಿ ನಾನು ಜಾಗ ಬದಲಿಸುವುದಿಲ್ಲ, ಥರ್ಮಾಕೋಲನ್ನೇ ತಿರುಗಿಸುತ್ತೇನೆ. ಎರಡು ರೆಕ್ಕೆಗಳನ್ನೂ ಮುಂದಿನ ಅಂಚು ನನ್ನ ಕಡೆಗಿರುವಂತೆ ಹಾಗೇ ತಿರುಗಿಸಿಕೊಂಡು ಕತ್ತರಿಸಿದ್ದೆ. ಒಂದರಲ್ಲಿ ಬುಡ ಕರಗಿ ತೆಳುವಾಗಿತ್ತು, ಇನ್ನೊಂದರಲ್ಲಿ ತುದಿ. ಒಂದು ರೆಕ್ಕೆ ಹಗ್ಗದಂತೆ ತುಸು ಹೊಸೆದುಕೊಂಡಿತ್ತು, ಇನ್ನೊಂದು ಅದಕ್ಕೆ ಜೊತೆಯಾಗಿರಲಿಲ್ಲ. ವೇದಿಕೆಗೆ ತೂಗುಹಾಕಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಗಾಳಿ ಮಾತ್ರ ಹಿಂಬದಿಯನ್ನೂ ನೋಡುತ್ತದೆ. ಅಂಗಡಿಗೆ ಬಂದು ರೆಕ್ಕೆಗಳನ್ನು ಗಾಜಿನ ಟೇಬಲಿನ ಮೇಲೆ ಮಲಗಿಸಿದೆ. ಎಡ ರೆಕ್ಕೆ ಕುಂಟು ಸ್ಟೂಲಿನಂತೆ ಆಡಿತು.

ಮರುದಿನವೇ ಅವನ್ನು ಹಿಡಿದುಕೊಂಡು ಹಿರಿಯೂರಿಗೆ ಹೋದೆ. ಅಣ್ಣಾರು ರೆಕ್ಕೆಯನ್ನು ಜಗುಲಿಯ ಕಡಪಾ ಕಲ್ಲಿನ ಮೇಲಿಟ್ಟು ಒಂದು ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟರು. ಟಕ್ಕೆಂದಿತು. ಮತ್ತೆ ಒತ್ತಿದರು. ಬಹಳ ಹೊತ್ತು ಅದನ್ನೇ ಮಾಡುತ್ತಿದ್ದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಪಾಪ, ಇದನ್ನ ಬೈದ್ಬಿಟ್ಟೆ," ಅಂದರು.

ಹೊಸ ರೆಕ್ಕೆಯನ್ನು ಸಮನಾಗಿ ಕತ್ತರಿಸಲು ಬಿಲ್ಲಿನ ಎರಡು ತುದಿಗೆ ಇಬ್ಬರು ಬೇಕು. ಒಂದು ಕಡೆ ನಾನು. ಇನ್ನೊಂದು ಕಡೆ ಅಣ್ಣಾರು ನಿಂತರು, ಮಾತ್ರೆ ನುಂಗಿಯೇ ನಿಂತಿದ್ದರು. ತಂತಿ ಹೋದಲ್ಲೆಲ್ಲ ಸಣ್ಣ ಸಣ್ಣ ಅಲೆಗಳು ಮೂಡಿದವು. ಅವರೇ ಬಿಲ್ಲು ಬಿಟ್ಟರು. "ಬಾರೇ ಇಲ್ಲಿ," ಎಂದು ಅಕ್ಕಾರನ್ನು ಕರೆದರು. ತಂತಿಗೆ ದಾರಿ ತೋರಲು ಥರ್ಮಾಕೋಲಿನ ಎರಡು ತುದಿಗೂ ಹಚ್ಚುವ ಅಚ್ಚಿನ ರಟ್ಟುಗಳ ಮೇಲೆ ಒಂದೇ ಲೆಕ್ಕದಲ್ಲಿ ಗೆರೆ ಎಳೆದು ಅಂಕಿ ಬರೆದರು. ತಾನು ಅಂಕಿ ಕೂಗುತ್ತೇನೆ, ಕೂಗಿದಾಗ ಇಬ್ಬರ ಕಡೆಯೂ ತಂತಿ ಆ ಗೆರೆಯ ಮೇಲಿರಬೇಕು, ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ ಎಂದರು. ಕೂಗತೊಡಗಿದರು. ಅವರ ದನಿ ಗಡಿಯಾರದಂತೆ ಸಮನಾಗಿತ್ತು. ಅಕ್ಕಾರು ತುಟಿ ಕಚ್ಚಿಕೊಂಡು, ಒಲೆ ಮೇಲಿನ ಪಾತ್ರೆ ಇಳಿಸುವವರಂತೆ ಸೆರಗು ಒತ್ತಿ ಹಿಡಿದು ನಡೆದರು. ಎರಡನೆಯ ರೆಕ್ಕೆಗೆ ನಾವಿಬ್ಬರೂ ಜಾಗ ಬದಲಿಸಿಕೊಂಡೆವು. ಕಡಪಾ ಕಲ್ಲಿನ ಮೇಲೆ ಎರಡೂ ಅಲುಗಾಡದೆ ಮಲಗಿದವು.

ಉಳಿದದ್ದು ಕೈಯೊಂದೇ. ರಿಮೋಟಿನಲ್ಲಿ ಒಂದು ಸ್ವಿಚ್ಚಿದೆ. ಅದನ್ನು ಕೆಳಗೆ ಹಾಕಿದರೆ ಕಡ್ಡಿಯ ಚಿಕ್ಕ ಚಲನೆಗಳನ್ನು ವಿಮಾನ ಗಣನೆಗೇ ತೆಗೆದುಕೊಳ್ಳುವುದಿಲ್ಲ. ನಡುಕ ಅಲ್ಲೇ ಅಳಿಸಿಹೋಗುತ್ತದೆ. ಬದಲಿಗೆ ತಿರುವೂ ಮಂದವಾಗುತ್ತದೆ. ನಾನು ಅದನ್ನು ಹೇಳಿದಾಗ ಅವರು ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಚಿಮ್ಮಿಸುವಾಗ ಕೆಳಗಿರಲಿ, ಆಮೇಲೆ ನೋಡೋಣ ಎಂದರು.

ಆ ಭಾನುವಾರ ಗಾಳಿ ಇರಲಿಲ್ಲ. ದೂರದ ಗುಡ್ಡದ ಫ್ಯಾನುಗಳು ನಿಂತಿದ್ದವು. ಕೆರೆಯ ಅಂಗಳದಲ್ಲಿ ಕುರಿ ಮೇಯಿಸುವ ಮುದುಕನೊಬ್ಬ ತನ್ನ ಮಂದೆಯನ್ನು ಬದಿಗೆ ಹೊಡೆದು ಕೋಲೂರಿ ನಿಂತ. ಅಕ್ಕಾರು ಕೆಂಪು ಬಟ್ಟೆ ತೆಗೆದುಕೊಂಡರು. ಅಣ್ಣಾರು "ಬಿಡು" ಅಂದರು.

ಅದು ಎಡಕ್ಕೆ ವಾಲಲಿಲ್ಲ. ನೇರ ಏರಿತು, ಏರುತ್ತಲೇ ಹೋಯಿತು. ಅಣ್ಣಾರು ನಿಧಾನ ಬಲಕ್ಕೆ ತಿರುಗಿಸಿದರು, ತಿರುಗಿತು. ಕೆರೆಯನ್ನು ಒಂದು ಸುತ್ತು ಬಂದು ನಮ್ಮ ತಲೆಯ ಮೇಲೆ ಶಿಳ್ಳೆ ಹಾಕಿ ಹೋಯಿತು. ಹಳಿಯ ಮೇಲೆ ಹೋದ ಹಾಗೆ. ಅಕ್ಕಾರು ಬಾಯಿಗೆ ಸೆರಗು ಹಿಡಿದಿದ್ದರು. ನಾನು ಅಣ್ಣಾರ ಮುಖ ನೋಡಿದೆ. ಅಲ್ಲಿ ಖುಷಿ ಇರಲಿಲ್ಲ, ಏನನ್ನೋ ಪರೀಕ್ಷಿಸುವ ನೋಟವಿತ್ತು. ಅವರ ಹೆಬ್ಬೆರಳು ಕಡ್ಡಿಯ ಮೇಲೆ ನಡುಗುತ್ತಿತ್ತು. ಮೇಲೆ ವಿಮಾನ ಕಲ್ಲಿನಂತೆ ಸ್ಥಿರವಾಗಿತ್ತು.

"ಇದನ್ನ ನಾನು ಹಾರಿಸ್ತಾ ಇದೀನಾ, ಪೆಟ್ಟಿಗೆ ಹಾರಿಸ್ತಾ ಐತಾ?" ಎಂದು ಕೇಳಿದರು.

ನೀವೇ ಅಂದೆ. ಅವರು ಸ್ವಿಚ್ಚನ್ನು ಮೇಲಕ್ಕೆ ತಳ್ಳಿದರು.

ಆ ಕ್ಷಣದಿಂದ ವಿಮಾನ ನಡುಗತೊಡಗಿತು. ಎರಡೂ ರೆಕ್ಕೆಗಳು ಸಣ್ಣಗೆ, ಬಿಡದೆ, ಅವರ ಕೈಯ ಲಯದಲ್ಲೇ ನಡುಗುತ್ತಿದ್ದವು. ಬಿಳಿ ಮೈ ಬಿಸಿಲಿಗೆ ಮಿಣಮಿಣ ಎನ್ನುತ್ತಿತ್ತು. ನಡುಗುತ್ತಲೇ ಅದು ತಿರುಗಿತು, ನಡುಗುತ್ತಲೇ ಏರಿತು. ಈಗ ಅವರ ಮುಖ ಸಡಿಲಾಗಿತ್ತು.

ಕುರಿಯ ಮುದುಕ ಹತ್ತಿರ ಬಂದಿದ್ದ. "ಅದ್ಯಾಕೆ ಸ್ವಾಮಿ ಹಂಗೆ ನಡುಗ್ತೈತೆ? ಚಳೀನಾ?"

"ಹೂನಪ್ಪ, ಮೇಲೆ ಚಳಿ ಐತೆ," ಅಂದರು ಅಣ್ಣಾರು. ಕಣ್ಣು ಕೆಳಗಿಳಿಸಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ನಂಬುವುದಿಲ್ಲ, ನಾನೇ ಹೇಳಿದರೂ. ಗಾಳಿ ಎದ್ದಿತು. ಗುಡ್ಡದ ಫ್ಯಾನೊಂದು ತಿರುಗುತ್ತಿರುವುದನ್ನು ನಾನು ಮೊದಲೇ ನೋಡಿದ್ದೆನೋ, ಆಮೇಲೆ ನೋಡಿದೆನೋ. ವಿಮಾನ ಗಾಳಿಯ ಜೊತೆ ಏರಿಯಾಚೆ ಸರಿಯಿತು. ತಿರುಗಿಸಿ ಎಂದೆ. ಅವರು ತಿರುಗಿಸಿದರು. ಗಾಳಿಗೆ ಎದುರಾಗಿ ಅದು ನಿಂತಲ್ಲೇ ನಿಂತಂತೆ ಕಂಡಿತು, ಚಿಕ್ಕದಾಗುತ್ತ ಹೋಯಿತು. ಬ್ಯಾಟರಿಗೆ ಇನ್ನು ಹೆಚ್ಚು ಹೊತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರ ಕೈ ಈಗ ಮಣಿಕಟ್ಟಿನಿಂದಲೇ ಕುಣಿಯುತ್ತಿತ್ತು. "ತಗಾ, ತಗಾ" ಎಂದು ರಿಮೋಟನ್ನು ನನ್ನ ಕಡೆ ಚಾಚಿದರು. ಚಾಚಿದರೂ ಬಿಡಲಿಲ್ಲ. ನಾನು ಅವರ ಬೆರಳುಗಳ ಮೇಲೆಯೇ ನನ್ನ ಬೆರಳಿಟ್ಟೆ. ಅವರ ನಡುಕ ನನ್ನ ಹೆಬ್ಬೆರಳಿಗೆ ಬಂತು. ದೂರದಲ್ಲಿ ಬಿಳಿ ಚುಕ್ಕೆಯೊಂದಿತ್ತು. ಅದು ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯಲಿಲ್ಲ. ಮುಖ ಯಾವುದು, ಬೆನ್ನು ಯಾವುದು ಗೊತ್ತಾಗದಿದ್ದರೆ ಬಲ ಎಡ ಎಂಬುದಕ್ಕೂ ಅರ್ಥವಿಲ್ಲ. ಬಲಕ್ಕೆ ಎಂದು ನಾನು ಒತ್ತಿದೆ. ಎಡಕ್ಕೆ ಎಂದು ಅವರು ಒತ್ತಿದರೋ, ಅದು ಬರೀ ನಡುಕವೋ.

ಶಿಳ್ಳೆ ನಿಂತಿತು.

ನಾವಿಬ್ಬರೂ ಕಡ್ಡಿಗಳನ್ನು ಆಡಿಸುತ್ತಲೇ ಇದ್ದೆವು. ಅಕ್ಕಾರು ಬಂದು ನಮ್ಮ ಕೈಗಳ ಮೇಲೆ ಕೈಯಿಟ್ಟು, "ಬಿಡ್ರಿ, ಇನ್ನೇನೈತೆ ಅಲ್ಲಿ," ಎಂದರು.

ಏರಿಯಾಚೆ ಜಾಲಿಯ ಪೊದೆಗಳಲ್ಲಿ ಹುಡುಕಿದೆವು. ಮುದುಕನೂ ಕೋಲಿನಿಂದ ಕೆದಕುತ್ತ ಬಂದ. ರೆಕ್ಕೆಗಳು ಒಂದು ಪೊದೆಯಲ್ಲಿ ಸಿಕ್ಕವು, ಮೈ ಎಲ್ಲೆಲ್ಲೋ ಚೂರಾಗಿತ್ತು. ಫ್ಯಾನಿನ ಎಸಳುಗಳು ಒಂದೂ ಉಳಿದಿರಲಿಲ್ಲ. ಬ್ಯಾಟರಿ ಉಬ್ಬಿತ್ತು. ಕೊಳವೆ ಮಾತ್ರ ಮುಳ್ಳಿಗೆ ಸಿಕ್ಕಿಕೊಂಡು ಹಾಗೇ ಇತ್ತು. ಅಕ್ಕಾರು ಅದನ್ನು ಬಿಡಿಸಿ, ಅಂಟಿದ್ದ ಕಾಳುಗಳನ್ನು ಕೊಡವಿ, ಚೀಲದಲ್ಲಿ ಹಾಕಿಕೊಂಡರು.

ಇನ್ನೊಂದು ಫ್ಯಾನು ತರಿಸಬಹುದು ಎಂದು ನಾನು ಹೇಳಿದೆ. ಅಣ್ಣಾರು ತರಿಸು ಎಂದರು. ಅದು ಬಂದೂ ಬಂತು. ಬರುವ ಹೊತ್ತಿಗೆ ಮಾತ್ರೆಯ ಶಾಂತ ಹೊತ್ತು ಚಹಾ ಕುಡಿಯುವಷ್ಟಕ್ಕೆ ಇಳಿದಿತ್ತು. ದಾವಣಗೆರೆಗೆ ಹೋದಾಗ ಡಾಕ್ಟರು ಹಳೆಯ ಸ್ಕ್ಯಾನಿಂಗ್ ಕೇಳಿದರಂತೆ. ಅಕ್ಕಾರು ಚೀಲದಿಂದ ಆ ಕೊಳವೆಯನ್ನೇ ತೆಗೆದುಕೊಟ್ಟರಂತೆ. ಡಾಕ್ಟರು ಬಿಡಿಸಿ ಬೆಳಕಿನ ಪೆಟ್ಟಿಗೆಗೆ ಹಚ್ಚಿದರೆ ಅದು ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಕಡೆಗೆ ಒಂದು ತುದಿಯನ್ನು ಡಾಕ್ಟರು, ಇನ್ನೊಂದನ್ನು ಅಕ್ಕಾರು ಹಿಡಿದುಕೊಂಡು ನೋಡಿದರಂತೆ. ಹೇಳುವಾಗ ಅಕ್ಕಾರು ಮೊದಲ ಸಲ ನಕ್ಕರು.

ಕೊನೆಗೆ ರಿಮೋಟ್ ಯಾರ ಕೈಯಲ್ಲಿತ್ತು ಎಂದು ಜನ ಕೇಳುತ್ತಾರೆ. ನನ್ನ ಕೈಯಲ್ಲಿತ್ತು, ಬೀಳಿಸಿದವನು ನಾನೇ ಎಂದು ನಾನು ಹೇಳುತ್ತ ಬಂದೆ. ಒಮ್ಮೆ ಅಣ್ಣಾರ ಜಗುಲಿಯಲ್ಲಿ, ಅವರ ಎದುರಿಗೇ, ಬಂದವರಿಗೆ ಹಾಗೆ ಹೇಳಿದೆ. ಅವರಿಗೆ ಆಗ ಲೋಟ ಹಿಡಿಯಲೂ ಆಗುತ್ತಿರಲಿಲ್ಲ, ಅಕ್ಕಾರು ಕುಡಿಸುತ್ತಿದ್ದರು. ಲೋಟದಿಂದ ಬಾಯಿ ತೆಗೆದು ನನ್ನನ್ನು ನೋಡಿದರು.

"ಲೇ, ಅದನ್ನ ಬೀಳಿಸಿದ್ದು ನಾನು. ಅದನ್ನೂ ಕಿತ್ಕಬ್ಯಾಡ," ಅಂದರು.